ನಲವತ್ತೊಂಬತ್ತು ಕಿಲೋ ಹೆತ್ತೆ, ಬಂಡೆ ಮರೆಯ ಬೀಚು

ನೀವು ಇದನ್ನು ನಂಬುವುದಿಲ್ಲ. ನಂಬಿ ಎಂದು ಒತ್ತಾಯವನ್ನೂ ಮಾಡುವುದಿಲ್ಲ, ಏಕೆಂದರೆ ನನ್ನ ಮಾತು ನಂಬಿದವರು ಈವರೆಗೆ ಯಾರೂ ಉದ್ಧಾರವಾಗಿಲ್ಲ. ಮನೆಯ ಹಿಂದೆ ಚಿರತೆ ಬಂದಿತ್ತು ಎಂದು ಹೇಳಿ ಮೂರು ದಿನ ಹೋಮ್‌ವರ್ಕ್ ತಪ್ಪಿಸಿದವಳು ನಾನು. ಬಂದಿದ್ದದ್ದು ಪಕ್ಕದ ಮನೆಯ ಬೆಕ್ಕು. ಅದೂ ಬಸುರಿ, ಹಾಗಾಗಿ ಸ್ವಲ್ಪ ದೊಡ್ಡದಾಗಿ ಕಂಡಿತ್ತು. ಆದರೆ ಈಗ ಹೇಳುತ್ತಿರುವುದು ನಿಜ. ಕಡಲಿನಿಂದ ಏಳು ಸಾವಿರ ಅಡಿ ಮೇಲಿರುವ ನಮ್ಮ ನೀಲಗಿರಿಯಲ್ಲಿ ನಾನೊಂದು ಬೀಚು ಕಂಡುಹಿಡಿದೆ. ಮೂರು ಕಡೆ ಬಂಡೆಯ ಗೋಡೆ, ನಡುವೆ ಮರಳು, ಮುಂದೆ ನೀರು, ಒಂದು ನರಪಿಳ್ಳೆಯೂ ಇಲ್ಲ. ಅದೂ ಮೇ ತಿಂಗಳಲ್ಲಿ, ಊಟಿಯ ರಸ್ತೆಯಲ್ಲಿ ಕಾರುಗಳು ಒಂದರ ಬಾಲ ಒಂದು ಮೂಸುತ್ತ ನಿಂತಿರುವ ಸೀಸನ್ನಿನಲ್ಲಿ.

ಶುರುವಾದದ್ದು ನನ್ನ ಫೋನಿನಿಂದ. ಹೆತ್ತೆಯ ಮಂಚದ ಮೇಲೆ ಒರಗಿ ವಿಡಿಯೋ ತಳ್ಳುತ್ತ ಕೂತಿದ್ದೆ. ಹೆತ್ತೆ ಅಂದರೆ ನಮ್ಮಲ್ಲಿ ಅಜ್ಜಿ, ನನ್ನ ಅಪ್ಪನ ತಾಯಿ. ನಲವತ್ತು ವರ್ಷ ಟೀ ಎಲೆ ಕಿತ್ತ ಕೈ, ಈಗ ಬಗ್ಗದ ಎರಡು ಮೊಣಕಾಲು, ಯಾವತ್ತೂ ಬಿಳಿ ಸೀಲೆ, ಬಿಳಿ ತಲೆವಸ್ತ್ರ. ಫೋನಿನಲ್ಲಿ ನಾನು ಏನು ನೋಡಿದರೂ ಇದೇನು ದರಿದ್ರ ಅನ್ನುವ ಹಾಗೆ ಮುಖ ಮಾಡುವ ಹೆತ್ತೆ ಅವತ್ತು ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದಳು. ತೆರೆಯ ಮೇಲೆ ಎಲ್ಲಿಯದೋ ಒಂದು ಕಡಲತೀರ. ಎತ್ತರದ ಬಂಡೆಗಳ ನಡುವೆ ಬಟ್ಟಲಿನಂತೆ ಕೂತ ಮರಳು. ಅಲೆ ಮೆಲ್ಲಗೆ ಬಂದು ಹೋಗುತ್ತಿತ್ತು.

"ಅಲ್ಲಿ ಯಾರೂ ಇಲ್ಲೆಯಾ ಕೂಸೆ?" ಎಂದು ಕೇಳಿದಳು.

ಯಾರೂ ಇಲ್ಲ ಅಂದೆ. ವಿಡಿಯೋ ತೆಗೆದವನೊಬ್ಬ ಇದ್ದಾನೆ ಅನ್ನುವುದನ್ನು ಹೇಳಲು ಹೋಗಲಿಲ್ಲ. ಹೆತ್ತೆ ಅದನ್ನು ನಾಲ್ಕು ಸಲ ನೋಡಿದಳು. ಆಮೇಲೆ ಹೇಳಿದಳು. ಬಹಳ ಹಿಂದೆ ನಮ್ಮ ಹಟ್ಟಿಯ ಹೆಂಗಸರೆಲ್ಲ ಬಸ್ಸು ಮಾಡಿಕೊಂಡು ರಾಮೇಶ್ವರಕ್ಕೆ ಹೋಗಿದ್ದರಂತೆ. ಎಲ್ಲರೂ ಕಡಲಿಗೆ ಇಳಿದರು, ಹೆತ್ತೆ ಇಳಿಯಲಿಲ್ಲ. ಅಷ್ಟು ಜನರ ಮುಂದೆ ಸೀಲೆಯನ್ನು ಮೊಣಕಾಲವರೆಗೆ ಎತ್ತಿ ನಿಲ್ಲಲು ಅವಳಿಗೆ ಆಗಲಿಲ್ಲ. ಬಸ್ಸಿನಲ್ಲೇ ಕೂತು ಎಲ್ಲರ ಚೀಲ ಕಾದಳು. ಇವತ್ತಿಗೂ ಕಡಲು ಹೇಗಿತ್ತು ಎಂದು ಯಾರಾದರೂ ಕೇಳಿದರೆ, ಮೂವತ್ತಾರು ಚೀಲ ಇತ್ತು ಅನ್ನುತ್ತಾಳೆ.

ಯಾರೂ ನೋಡದ ಒಂದು ಕಡೆ, ಕಾಲಡಿ ಮರಳು ಇರುವ ನೀರಿನಲ್ಲಿ, ಮೊಣಕಾಲವರೆಗೆ ಒಂದು ಸಲ ನಿಲ್ಲಬೇಕು. ಇಷ್ಟೇ ಅವಳ ಆಸೆ. ಎರಡು ವಾರದಲ್ಲಿ ಅವಳ ಮೊಣಕಾಲಿನ ಆಪರೇಷನ್ನು. ಅದಾದ ಮೇಲೆ ಮರಳು, ಕೆಸರು, ಏರುಪೇರು ನೆಲ ಎಲ್ಲವನ್ನೂ ಮರೆತುಬಿಡಿ ಎಂದು ಡಾಕ್ಟರು ಹೇಳಿದ್ದರು. ಅಪ್ಪನೋ, ಆಪರೇಷನ್ನಿನ ತಾರೀಕಿಗೆ ಅರ್ಧ ವರ್ಷ ಅಲೆದವರು. ತಮ್ಮ ಅವ್ವೆಗೆ ಒಂದು ಸಣ್ಣ ಶೀತವಾದರೂ ತಾರೀಕು ತಪ್ಪಿಹೋಗುತ್ತದೆ ಎಂದು ಅವಳನ್ನು ಬಾಗಿಲಿನ ಆಚೆ ಕಾಲಿಡಲು ಬಿಡುತ್ತಿರಲಿಲ್ಲ. ಬಿಸಿನೀರು, ಸ್ವೆಟರು, ಮೇಲೊಂದು ಸ್ವೆಟರು. ಮನೆಯೊಳಗೇ ಅವಳಿಗೆ ಮಫ್ಲರು ಕಟ್ಟುತ್ತಿದ್ದರು. ನಿಜವಾದ ಕಡಲಿಗಂತೂ ಹೋಗುವ ಮಾತೇ ಇಲ್ಲ. ಘಾಟಿಯ ಎರಡನೇ ತಿರುವಿಗೇ ಹೆತ್ತೆಗೆ ವಾಂತಿ ಶುರುವಾಗುತ್ತದೆ.

ಇಂಥ ಹೊತ್ತಿನಲ್ಲಿ ಬುದ್ಧಿ ಇರುವವಳು ಬಾಯಿ ಮುಚ್ಚಿಕೊಂಡು ಇರುತ್ತಾಳೆ. ನಾನು ಹೇಳಿದೆ, "ಹೆತ್ತೆ, ಇಂಥ ಬೀಚು ನಮ್ಮ ಕಡೆಯೇ ಮೂರು ಇವೆ. ನಂಗೆ ಗೊತ್ತು."

"ಮೂರು ಬೇಡ," ಅಂದಳು ಹೆತ್ತೆ. "ಒಂದು ಸಾಕು."

ನನಗೆ ಒಂದೂ ಗೊತ್ತಿರಲಿಲ್ಲ. ನಾನು ಕಡಲನ್ನೇ ನೋಡಿರಲಿಲ್ಲ. ಇದನ್ನು ನಮ್ಮ ಕ್ಲಾಸಿನವರು ಓದಿದರೆ ಕಷ್ಟ, ಏಕೆಂದರೆ ಅವರ ಲೆಕ್ಕದಲ್ಲಿ ನಾನು ಕಲ್ಲಿಕೋಟೆಯಲ್ಲಿ ಡಾಲ್ಫಿನ್ನಿಗೆ ಬಿಸ್ಕತ್ತು ಕೊಟ್ಟವಳು.

ಹುಡುಕಾಟಕ್ಕೆ ನನ್ನ ಜೊತೆಗಿದ್ದವನು ಅಣ್ಣ, ಅಂದರೆ ದೊಡ್ಡಪ್ಪನ ಮಗ. ಇಪ್ಪತ್ತೆರಡು ವರ್ಷ, ಬಾಗಿಲು ಭರ್ತಿ ಆಗುವಷ್ಟು ಅಗಲ, ದಿನಕ್ಕೆ ಹತ್ತು ಮಾತು. ಅದರಲ್ಲಿ ಆರು ಮಾತನ್ನು ಅವನ ಪಿಕಪ್ ವ್ಯಾನಿನ ಜೊತೆ ಆಡುತ್ತಾನೆ. ತುಮ್ಮನಟ್ಟಿ ಕಡೆಯ ಹೊಲಗಳಿಂದ ಕ್ಯಾರೆಟ್ ಮೂಟೆ ತುಂಬಿ ಮೇಟ್ಟುಪಾಳಯದ ಮಂಡಿಗೆ ಇಳಿಸಿ ಬರುವುದು ಅವನ ಕೆಲಸ. ಮಧ್ಯಾಹ್ನಕ್ಕೆ ಬಿಡುವು. ಹೆತ್ತೆಯ ವಿಷಯ ಹೇಳಿದಾಗ ಅವನು ಯಾಕೆ, ಹೇಗೆ ಎಂದು ಏನೂ ಕೇಳದೆ ವ್ಯಾನಿನ ಕೀ ತೆಗೆದುಕೊಂಡ. ನಾನು ಮುಂದೆ ಕೂತು ದಾರಿ ತೋರಿಸಿದೆ. ಗೊತ್ತಿಲ್ಲದ ಜಾಗಕ್ಕೆ ದಾರಿ ತೋರಿಸುವುದರಲ್ಲಿ ನನಗೆ ಒಳ್ಳೆಯ ಅನುಭವವಿದೆ.

ಮೊದಲ ದಿನ ಊಟಿಯ ಕೆರೆ. ಅಲ್ಲಿ ನೀರಿಗಿಂತ ದೋಣಿ ಹೆಚ್ಚು, ದೋಣಿಗಿಂತ ಕುದುರೆ ಹೆಚ್ಚು, ಕುದುರೆಗಿಂತ ಬೇಯಿಸಿದ ಜೋಳ ತಿನ್ನುವವರು ಹೆಚ್ಚು. ಎರಡನೇ ದಿನ ಗೂಡಲೂರು ರಸ್ತೆಯಲ್ಲಿರುವ ಒಂದು ಅಣೆಕಟ್ಟು. ಅಲ್ಲಿ ಮರಳು ಇರಬೇಕಾದ ಕಡೆ ಸೆಲ್ಫಿ ತೆಗೆಯುವ ಕಟ್ಟೆ ಇತ್ತು, ಬಂಡೆ ಇರಬೇಕಾದ ಕಡೆ ಟಾಯ್ಲೆಟ್ಟು. ಹೆತ್ತೆ ರಾತ್ರಿ ಊಟಕ್ಕೆ ಕೂತಾಗ ಕಣ್ಣಲ್ಲೇ ಕೇಳುತ್ತಿದ್ದಳು. ನಾನು ಕಣ್ಣಲ್ಲೇ, ಮೂರರಲ್ಲಿ ಯಾವುದು ಚೆನ್ನ ಎಂದು ಆರಿಸುತ್ತಿದ್ದೇನೆ ಅನ್ನುತ್ತಿದ್ದೆ. ಕಣ್ಣಿನಲ್ಲಿ ಸುಳ್ಳು ಹೇಳುವುದು ಬಾಯಲ್ಲಿ ಹೇಳುವುದಕ್ಕಿಂತ ಸುಸ್ತು.

ಮೂರನೇ ದಿನ ವ್ಯಾನಿನ ಕಿಟಕಿಯಿಂದ ನಾನು ಅದನ್ನು ಕಂಡೆ. ಕಣಿವೆಯ ಆಚೆ ಬದಿಯಲ್ಲಿ, ಕಪ್ಪು ಬಂಡೆಯ ಬುಡದಲ್ಲಿ, ಅರ್ಧಚಂದ್ರದಂತೆ ಬಾಗಿದ ಬೆಳ್ಳನೆಯ ಮರಳು. ಬಿಸಿಲಿಗೆ ಹೊಳೆಯುತ್ತಿತ್ತು. ನಾನು ಅಣ್ಣನ ಭುಜಕ್ಕೆ ಗುದ್ದಿ, ಹೇಳಿರಲಿಲ್ಲವಾ ಅಂದೆ. ಅಲ್ಲಿಗೆ ಹೋಗಲು ಒಂದು ಗಂಟೆ ಬೇಕಾಯಿತು, ಕೊನೆಯ ಅರ್ಧ ಗಂಟೆ ಟೀ ಸಾಲುಗಳ ಸಂದಿಯಲ್ಲಿ ನಡಿಗೆ. ದಾರಿಯುದ್ದಕ್ಕೂ ನಾನು ಫೋನಿಗೆ ಮಾತಾಡುತ್ತ ವಿಡಿಯೋ ಮಾಡಿದೆ, ಸ್ನೇಹಿತರೇ, ನೀಲಗಿರಿಯ ಮೊಟ್ಟಮೊದಲ ಗುಪ್ತ ಬೀಚು, ಈವರೆಗೆ ಮನುಷ್ಯರ ಕಾಲು ಬೀಳದ ಜಾಗ, ಇತ್ಯಾದಿ. ಕೊನೆಯ ಸಾಲು ದಾಟಿ ಆ ಬೆಳ್ಳನೆಯ ಮರಳಿನ ಮೇಲೆ ಜಿಗಿದೆ.

ಅದು ಸುಣ್ಣ. ಕ್ಯಾರೆಟ್ ಬಿತ್ತುವ ಮುಂಚೆ ಹೊಲಕ್ಕೆ ಎರಚುತ್ತಾರಲ್ಲ, ಆ ಸುಣ್ಣದ ಪುಡಿ. ಹುಟ್ಟಿದಾಗಿನಿಂದ ಇಂಥ ಹೊಲ ನೂರಾರು ನೋಡಿದ್ದೇನೆ. ಅಣ್ಣನಂತೂ ಆ ಸುಣ್ಣವನ್ನು ಮೂಟೆಗಟ್ಟಲೆ ಹೊತ್ತವನು. ಅವನಿಗೆ ಆಚೆ ಬದಿಯಿಂದಲೇ ಗೊತ್ತಾಗಿತ್ತಂತೆ. ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, "ನೀ ಮಾತಾಡ್ತಾ ಇದ್ದೆ" ಅಂದ.

ಮೊಣಕಾಲವರೆಗೆ ಬಿಳಿಯಾಗಿ ನಿಂತಿದ್ದಾಗ ಹೊಲದ ನಾಯಿ ಬಂತು. ನಾಯಿ ಎಷ್ಟು ದೊಡ್ಡದಿತ್ತು ಎಂದು ಹೇಳುವುದಿಲ್ಲ, ಬೆಕ್ಕಿನ ಕಥೆ ನಿಮಗೆ ಈಗಾಗಲೇ ಗೊತ್ತು. ಇಬ್ಬರೂ ಓಡಿ ಆ ಕಪ್ಪು ಬಂಡೆ ಹತ್ತಿದೆವು. ಬಂಡೆಯ ನೆತ್ತಿಯಲ್ಲಿ ಕೂತು, ಕೆಳಗಿನ ನಾಯಿಯ ಮುಖ ನೋಡಲಾರದೆ ಇನ್ನೊಂದು ಕಡೆಗೆ ತಿರುಗಿದೆ. ಆ ಕಡೆ, ನೇರ ಕೆಳಗೆ, ಕರೆಂಟಿನವರ ಜಲಾಶಯದ ಒಂದು ಬೆರಳು ಬಂಡೆಗಳ ಒಳಗೆ ನುಗ್ಗಿ ಬಂದಿತ್ತು. ಬೇಸಿಗೆಗೆ ನೀರು ತಗ್ಗಿ, ತಗ್ಗಿದಷ್ಟೂ ಜಾಗದಲ್ಲಿ ಸಣ್ಣಗಿನ, ಕೆಂಪು ಬೆರೆತ ಮರಳು ಎದ್ದಿತ್ತು. ಮೂರು ಕಡೆ ಬಂಡೆ. ಗಾಳಿಯೂ ಒಳಗೆ ಬಾರದು. ರಸ್ತೆಯಿಂದ ಕಾಣದು, ಹೊಲದಿಂದ ಕಾಣದು. ನಾಯಿಗೆ ಹೆದರಿ ಬಂಡೆ ಹತ್ತಿದವರಿಗೆ ಮಾತ್ರ ಕಾಣುತ್ತದೆ. ಹೀಗೆ ನೀಲಗಿರಿಯ ಬೀಚನ್ನು ಕಂಡುಹಿಡಿದ ಶ್ರೇಯಸ್ಸು ನನ್ನದು.

ಅಲ್ಲಿಗೆ ಇಳಿಯಲು ಇನ್ನೊಂದು ಬದಿಯಿಂದ ದಾರಿ ಇತ್ತು. ಬಿಟ್ಟುಹೋದ ಹಳೆಯ ಟೀ ತೋಟವೊಂದರ ಮಣ್ಣಿನ ರಸ್ತೆಯಲ್ಲಿ ವ್ಯಾನು ಹೋಗುತ್ತದೆ. ಕೊನೆಯ ಇನ್ನೂರು ಹೆಜ್ಜೆ ಮಾತ್ರ ಇಳಿಜಾರು, ಎಲೆ ಕೀಳುವವರು ತುಳಿದ ಕಾಲುದಾರಿ. ಹೆತ್ತೆಯ ಮೊಣಕಾಲಿಗೆ ಅದು ಆಗದು. ಆದ್ದರಿಂದ ಕುರ್ಚಿ. ರಸ್ತೆ ಇಲ್ಲದ ಹಟ್ಟಿಗಳಲ್ಲಿ ಕಾಯಿಲೆಯವರನ್ನು ಹೊರುವ ಹಾಗೆ ಪ್ಲಾಸ್ಟಿಕ್ ಕುರ್ಚಿಗೆ ಎರಡು ಗಳ ಕಟ್ಟಿ, ಮುಂದೆ ಅಣ್ಣ, ಹಿಂದೆ ನಾನು.

ಅಣ್ಣ ನನ್ನ ತೋಳನ್ನು ಹಿಡಿದು ನೋಡಿ ಬೆಲೆ ಕಟ್ಟಿದ. ನನ್ನ ಪಾಲಿಗೆ ಇಪ್ಪತ್ತೈದು ಕಿಲೋ ಬರಬಹುದು, ಅದರ ಮೇಲೆ ಹೋದರೆ ನಾನು ಕೈ ಬಿಡುತ್ತೇನೆ. ಹಾಗಾಗಿ ಹೆತ್ತೆ ಐವತ್ತರ ಒಳಗಿದ್ದರೆ ಸರಿ, ಇಲ್ಲದಿದ್ದರೆ ಈ ಮಾತು ಬಿಡೋಣ ಅಂದ. ನನಗೆ ಬಹಳ ಅವಮಾನವಾಯಿತು. ಆಮೇಲೆ ಗೊತ್ತಾಯಿತು, ಅವನು ಐದು ಕಿಲೋ ಜಾಸ್ತಿಯೇ ಹೇಳಿದ್ದ.

ಹೆತ್ತೆಯನ್ನು ತೂಗುವುದು ಎಲ್ಲಿ? ನಮ್ಮ ಹಟ್ಟಿಯಲ್ಲಿ ತಕ್ಕಡಿ ಇರುವುದು ಒಂದೇ ಕಡೆ, ಲೀಫ್ ಶೆಡ್ಡಿನಲ್ಲಿ. ಸುತ್ತಲಿನ ಸಣ್ಣ ತೋಟದವರೆಲ್ಲ ಕಿತ್ತ ಹಸಿರೆಲೆಯನ್ನು ಚೀಲದಲ್ಲಿ ತಂದು ಅಲ್ಲಿ ತೂಗಿಸಿ ಫ್ಯಾಕ್ಟರಿಗೆ ಕೊಡುತ್ತಾರೆ. ಅಪ್ಪ ಆಸ್ಪತ್ರೆಯ ಕಾಗದಕ್ಕೆ ಸೀಲು ಹಾಕಿಸಲು ಊಟಿಗೆ ಹೋದ ದಿನ, ಅಮ್ಮ ಕೆಲಸಕ್ಕೆ ಹೊರಟ ಮೇಲೆ, ಹೆತ್ತೆಯನ್ನು ವ್ಯಾನಿನಲ್ಲಿ ಕೂರಿಸಿ ಶೆಡ್ಡಿನ ಮುಂದೆ ನಿಲ್ಲಿಸಿದೆವು. ಅಲ್ಲಿ ತೂಕ ಮಾಡುವವರು ಹಟ್ಟಿಯ ಹಳಬರು, ನಾನು ಮಾಮ ಅನ್ನುತ್ತೇನೆ. ಇಪ್ಪತ್ತು ವರ್ಷದಿಂದ ಬರೀ ಚೀಲ ನೋಡಿ ನೋಡಿ ಅವರು ಮನುಷ್ಯರ ಮುಖ ನೋಡುವುದನ್ನು ಬಿಟ್ಟಿದ್ದಾರೆ. ಹೆತ್ತೆ ಕೋಲೂರಿ ತಕ್ಕಡಿಯ ಮೇಲೆ ನಿಂತಳು. ಮಾಮ ಕೆಂಪು ಅಂಕಿ ನೋಡಿ, ಬಾಯಿಪಾಠ ಒಪ್ಪಿಸುವವರಂತೆ ಹೇಳಿದರು.

"ಐವತ್ತೆರಡು. ತೇವಕ್ಕೆ ಎರಡು, ಚೀಲಕ್ಕೆ ಒಂದು. ನಲವತ್ತೊಂಬತ್ತು."

ಹೆತ್ತೆ ತಕ್ಕಡಿಯಿಂದ ಇಳಿಯಲಿಲ್ಲ. ಈ ಕಳೆಯುವ ಲೆಕ್ಕದ ಮೇಲೆ ನಲವತ್ತು ವರ್ಷ ಜಗಳವಾಡಿದವಳು ಅವಳು. "ನನ್ನಲ್ಲಿ ತೇವ ಎಲ್ಲಿದೆ ಮಗ," ಎಂದು ಕೇಳಿದಳು. "ಒಣಗಿದ ಎಲೆ ನಾ. ಒಂದು ಕಿಲೋ ಯಾಕೆ ಕಳೆದೆ, ಈ ಸೀಲೆಗಾ? ನೀನೇ ಹಿಡಿದು ನೋಡು, ಕಾಲು ಕಿಲೋ ಇಲ್ಲೆ."

ಅವರಿಬ್ಬರೂ ತೇವದ ಮೇಲೆ ವಾದ ಮಾಡುತ್ತಿರುವಾಗ ನನಗೆ ಕೇಳಿಸಿದ್ದು ನಲವತ್ತೊಂಬತ್ತು ಮಾತ್ರ. ಐವತ್ತರ ಒಳಗೆ! ಅಣ್ಣನ ಕಡೆ ಗೆದ್ದವಳಂತೆ ನೋಡಿದೆ. ಅಣ್ಣನೂ ದಿನಾ ಕಳೆದ ತೂಕವನ್ನೇ ಕೇಳಿ ಅಭ್ಯಾಸವಾದವನು, ಸರಿ ಎಂದು ತಲೆಯಾಡಿಸಿದ. ಕಳೆದ ಮೂರು ಕಿಲೋ ಫ್ಯಾಕ್ಟರಿಗೆ ಹೋಗುವುದಿಲ್ಲ, ಹೆತ್ತೆಯಲ್ಲೇ ಉಳಿಯುತ್ತದೆ ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ತೂಕ ಹೇಳಿದ ಕೂಡಲೇ ಮಾಮನ ಹೆಬ್ಬೆರಳು ಅಭ್ಯಾಸಬಲದಿಂದ ಮಿಷನ್ನಿನ ಹಸಿರು ಗುಂಡಿ ಒತ್ತಿತು. ಅದನ್ನು ನಾನು ಕಣ್ಣಾರೆ ಕಂಡೆ. ಆ ಗುಂಡಿ ಒತ್ತಿದರೆ ತೂಕ ನೇರವಾಗಿ ತೋಟದವರ ಫೋನಿಗೆ ಮೆಸೇಜಾಗಿ ಹೋಗುತ್ತದೆ. ತೋಟದವರು ಅಂದರೆ ಅಪ್ಪ. ಇದು ನನಗೆ ಚೆನ್ನಾಗಿ ಗೊತ್ತು, ಅಪ್ಪನ ಫೋನಿಗೆ ಬರುವ ಆ ಮೆಸೇಜುಗಳನ್ನು ಮೊದಲು ಓದುತ್ತ ಬಂದವಳು ನಾನೇ. ಆದರೆ ಆ ಕ್ಷಣದಲ್ಲಿ ನಾನು ಹೆತ್ತೆ ತಕ್ಕಡಿಯ ಮೇಲೆ ನಿಂತ ಫೋಟೋಕ್ಕೆ ಒಳ್ಳೆಯ ಬೆಳಕು ಹುಡುಕುತ್ತಿದ್ದೆ. ಫೋಟೋ ತೆಗೆದು, ಮಾಮ ಕೇಳದಿದ್ದರೂ ನಮ್ಮ ಬೀಚಿನ ಬಗ್ಗೆ, ಹಳೆಯ ತೋಟದ ಮಣ್ಣುರಸ್ತೆಯ ಬಗ್ಗೆ, ಎಲ್ಲಿ ಎಡಕ್ಕೆ ತಿರುಗಬೇಕು ಎನ್ನುವುದರ ಬಗ್ಗೆ ಹತ್ತು ನಿಮಿಷ ಭಾಷಣ ಮಾಡಿ, ಯಾರಿಗೂ ಹೇಳಬೇಡಿ ಅಂದು ಹೊರಟೆ.

ಆಮೇಲೆ ತಿಳಿದದ್ದನ್ನು ಈಗಲೇ ಹೇಳಿಬಿಡುತ್ತೇನೆ. ಆಗ ಅಪ್ಪ ಊಟಿಯ ಆಸ್ಪತ್ರೆಯ ಸಾಲಿನಲ್ಲಿ ನಿಂತಿದ್ದರು. ಫೋನು ಟಿಂಗ್ ಅಂದಿತು: ಇಂದಿನ ಎಲೆ, ನಲವತ್ತೊಂಬತ್ತು ಕಿಲೋ. ನಮ್ಮ ತೋಟದ ಗಿಡಗಳನ್ನು ಹಿಂದಿನ ತಿಂಗಳಷ್ಟೇ ಮೊಣಕಾಲೆತ್ತರಕ್ಕೆ ಕತ್ತರಿಸಿದ್ದೆವು. ಅವು ಬೋಳು ಕಡ್ಡಿಗಳಾಗಿ ನಿಂತಿದ್ದವು, ಚಿಗುರಲು ಇನ್ನೂ ತಿಂಗಳುಗಳು ಬೇಕು. ಯಾರೋ ನಮ್ಮ ಹೆಸರಿನಲ್ಲಿ ಕದ್ದ ಎಲೆ ಹಾಕುತ್ತಿದ್ದಾರೆ ಎಂದು ಅಪ್ಪ ಶೆಡ್ಡಿಗೆ ಫೋನು ಮಾಡಿ ಗದರಿದರಂತೆ. ಮಾಮ ಸಮಾಧಾನ ಮಾಡಿದರಂತೆ, "ಎಲೆ ಅಲ್ಲ ಅಣ್ಣ, ನಿಮ್ಮ ಅವ್ವೆ." ಎಡಕ್ಕೆ ಎಲ್ಲಿ ತಿರುಗಬೇಕು ಎಂಬುದನ್ನೂ ನಾನು ಹೇಳಿದ ಹಾಗೆಯೇ, ಒಂದಕ್ಷರ ಬಿಡದೆ ಹೇಳಿದರಂತೆ. ಅಪ್ಪ ಸಾಲು ಬಿಟ್ಟು ಬೈಕು ಹತ್ತಿದರು.

ಇತ್ತ ನಾವು ಇಳಿಜಾರಿನಲ್ಲಿದ್ದೆವು. ಮೂರು ಕಿಲೋ ಅಂದರೆ ಎಷ್ಟು ಎಂದು ನಿಮಗೆ ಗೊತ್ತಿಲ್ಲ. ಇಪ್ಪತ್ತನೇ ಹೆಜ್ಜೆಗೆ ನನ್ನ ಬೆರಳುಗಳು ನನ್ನವಲ್ಲ ಅನ್ನಿಸಿತು. ಐವತ್ತನೇ ಹೆಜ್ಜೆಗೆ ನಾನು ಹೊತ್ತಿರುವುದು ಒಬ್ಬ ಹೆತ್ತೆಯಲ್ಲ, ರಾಮೇಶ್ವರದ ಆ ಇಡೀ ಬಸ್ಸು ಅನ್ನಿಸಿತು. ಎರಡು ಸ್ವೆಟರು, ಮಫ್ಲರು ಹಾಕಿಕೊಂಡು ರಾಣಿಯಂತೆ ಕೂತಿದ್ದ ಹೆತ್ತೆ ಮೇಲಿನಿಂದ ದಾರಿ ಹೇಳುತ್ತಿದ್ದಳು. ಎಡಗಾಲು ಮೊದಲು ಇಡು, ಗಿಡದ ಬುಡ ಹಿಡಿ, ತುದಿ ಹಿಡಿಯಬೇಡ, ಅದು ಕಿತ್ತು ಬರುತ್ತದೆ. ನಾನು ತುದಿ ಹಿಡಿದೆ. ಅದು ಕಿತ್ತು ಬಂತು. ನಾನು ಕೂತೆ, ಕುರ್ಚಿಯ ಹಿಂಗಾಲು ನನ್ನ ತೊಡೆಯ ಮೇಲೆ ಕೂತಿತು. ಹಾಗೇ ನಾಲ್ಕು ಗಜ ಜಾರಿದೆವು. ಕೆಳಗೆ ಅಣ್ಣ ಬಂಡಿಯ ಬ್ರೇಕಿನಂತೆ ನಿಂತಿದ್ದರಿಂದ ಅಷ್ಟಕ್ಕೇ ನಿಂತಿತು. ಹೆತ್ತೆ ಹಿಂದೆ ತಿರುಗಿ, ನೀ ಬಿದ್ದೆಯಾ ಎಂದು ಕೇಳಿದಳು. ಇಲ್ಲ ಹೆತ್ತೆ, ಇದೊಂದು ವಿಧಾನ ಅಂದೆ.

ಕೊನೆಗೂ ಬಂಡೆಯ ಮೂಲೆ ತಿರುಗಿ ಬೀಚಿಗೆ ಬಂದೆವು. ಗೋಡೆಯಂತೆ ನೇರ ಎದ್ದ ಬಂಡೆಗಳು, ಅವುಗಳ ಬಿರುಕಿನಲ್ಲಿ ಹಳದಿ ಹೂವಿನ ಮುಳ್ಳುಪೊದೆ. ಹೊರಗೆ ಬೀಸುತ್ತಿದ್ದ ಗಾಳಿ ಇಲ್ಲಿ ಇಲ್ಲವೇ ಇಲ್ಲ. ನೀರಿನ ಅಂಚಿನಲ್ಲಿ ಸಣ್ಣ ಸಣ್ಣ ಅಲೆಗಳು ಮರಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದವು. ಒಬ್ಬ ಮನುಷ್ಯ ಇಲ್ಲ.

ಒಂದು ಕಾಡೆಮ್ಮೆ ಇತ್ತು.

ನೀರಿನಲ್ಲಿ ಮುಂಗಾಲಿಟ್ಟು ನಿಂತಿತ್ತು, ಗಂಡು, ಕಪ್ಪಗೆ ನಮ್ಮ ವ್ಯಾನಿನಷ್ಟು. ಇಲ್ಲಿ ನಾನು ಸ್ವಲ್ಪವೂ ಎಳೆದಿಲ್ಲ, ಬೇಕಿದ್ದರೆ ಅಣ್ಣನನ್ನು ಕೇಳಿ. ನಮ್ಮ ಟೀ ತೋಟಗಳಲ್ಲಿ ಇವು ಹಸುವಿನ ಹಾಗೆ ಓಡಾಡಿಕೊಂಡಿರುತ್ತವೆ, ಆದರೆ ತಿರುಗಿದರೆ ತಿರುಗಿದವೇ. ಅಣ್ಣ ಕುರ್ಚಿಯನ್ನು ಮೆಲ್ಲಗೆ ನೆಲಕ್ಕಿಟ್ಟು, ಅಲ್ಲಾಡಬೇಡ ಎಂದು ಕೈಸನ್ನೆ ಮಾಡಿದ. ನಾನು ಅಲ್ಲಾಡಲಿಲ್ಲ. ಧೈರ್ಯದಿಂದಲ್ಲ, ಕಾಲುಗಳು ನನ್ನ ಮಾತು ಕೇಳುವುದನ್ನು ಇಳಿಜಾರಿನಲ್ಲೇ ಬಿಟ್ಟಿದ್ದವು. ಆ ಹೊತ್ತಿನಲ್ಲೂ ನಾನು ವಿಡಿಯೋ ಮಾಡಿದ್ದೇನೆ. ಎರಡು ನಿಮಿಷದ್ದು, ಪೂರ್ತಿ ನನ್ನ ಹೆಬ್ಬೆರಳು.

ಹೆತ್ತೆ ಮಾತ್ರ ಕೋಲಿನಿಂದ ಕುರ್ಚಿಯ ಕಾಲಿಗೆ ಟಕ್ ಟಕ್ ಎಂದು ಎರಡು ಸಲ ಬಡಿದಳು. ಎಲೆ ಕೀಳುವವರು ಪೊದೆಗೆ ಬಡಿದು, ಇಲ್ಲಿದ್ದೇವೆ ಎಂದು ತಿಳಿಸುವ ಹಾಗೆ. ಆಮೇಲೆ ಪಕ್ಕದ ಮನೆಯವರ ಜೊತೆ ಮಾತಾಡುವ ದನಿಯಲ್ಲಿ ಹೇಳಿದಳು, "ಅವಸರ ಇಲ್ಲೆ, ನೀ ಕುಡಿ. ಕುಡಿದು ಹೋಗು. ನಾವು ಕಾಯ್ತೀವಿ."

ಅದು ಕುಡಿಯಿತು. ಇನ್ನಷ್ಟು ಕುಡಿಯಿತು. ಒಂದು ಜಲಾಶಯ ಖಾಲಿಯಾಗುವಷ್ಟು ಹೊತ್ತು ಕುಡಿದು, ನಮ್ಮ ಕಡೆಗೊಮ್ಮೆ ಬುಸುಗುಟ್ಟಿ, ಬಂಡೆಯ ಸಂದಿಯಲ್ಲಿ ಹತ್ತಿ ಹೋಯಿತು. ಅದು ನೋಡುತ್ತಿದ್ದರೆ ನಾಚಿಕೆ ಆಗುತ್ತಿತ್ತಾ ಹೆತ್ತೆ ಎಂದು ಕೇಳಿದೆ. ಅದಕ್ಕೇನು ಗೊತ್ತಾಗುತ್ತೆ ಅಂದಳು. ಆಮೇಲೆ ಸ್ವಲ್ಪ ಯೋಚಿಸಿ, ಆದರೂ ಹೋದದ್ದು ಒಳ್ಳೆಯದೇ ಆಯಿತು ಅಂದಳು.

ಈಗ ಕಡಲು. ಹೆತ್ತೆ ಮಫ್ಲರು ಬಿಚ್ಚಿದಳು, ಸ್ವೆಟರು ಬಿಚ್ಚಿದಳು, ಇನ್ನೊಂದನ್ನೂ ಬಿಚ್ಚಿ ಕುರ್ಚಿಯ ಮೇಲೆ ಮಡಿಸಿಟ್ಟಳು. ಸೀಲೆಯ ಅಂಚು ಹಿಡಿದು ನಿಂತು ಅಣ್ಣನಿಗೆ ಬಂಡೆ ಮರೆಗೆ ಹೋಗು ಅಂದಳು. ಅವನು ಹೋದ. ಆಮೇಲೆ ನನ್ನ ಕಡೆ ನೋಡಿದಳು. ನಾನು ಫೋನು ಹಿಡಿದು ಸಿದ್ಧವಾಗಿದ್ದೆ.

"ನೀನೂ ತಿರುಗು."

ನಾನೂನಾ? ನಾನು ಮೊಮ್ಮಗಳು, ಹೆಣ್ಣು, ಕೈ ಹಿಡಿಯುವವಳು ಯಾರು, ನಾಳೆ ಇದನ್ನು ಜಗತ್ತಿಗೆ ಹೇಳುವವಳು ಯಾರು ಎಂದೆಲ್ಲ ವಾದ ಮಾಡಿದೆ. ಅವಳು ಒಪ್ಪಿದ್ದು ಕೈ ಹಿಡಿಯುವುದಕ್ಕೆ ಮಾತ್ರ. ಮುಖ ಬಂಡೆಯ ಕಡೆ, ಕೈ ಹಿಂದಕ್ಕೆ. ಹೀಗೆ ನಾನು ಏಡಿಯ ಹಾಗೆ ಹಿಮ್ಮುಖವಾಗಿ ನೀರಿಗಿಳಿದೆ, ನನ್ನ ಬೆನ್ನ ಹಿಂದೆ ಹೆತ್ತೆ. ನೀರು ಐಸಿನಂತಿತ್ತು. ಹೆತ್ತೆ ಹಾ ಎಂದು ಉಸಿರೆಳೆದುಕೊಂಡದ್ದು ಕೇಳಿಸಿತು. ಇನ್ನೊಂದು ಹೆಜ್ಜೆ. ಹಿಮ್ಮಡಿ ಮುಳುಗಿತು ಅಂದಳು. ಇನ್ನೊಂದು.

ಅಲ್ಲಿಗೆ ಮರಳು ಮುಗಿದಿತ್ತು. ಮೇಲೆ ಎರಡು ಇಂಚು ಮರಳು, ಅದರ ಕೆಳಗೆ ಜಲಾಶಯದ ತಳದ ಕೆಸರು. ಹೆತ್ತೆಯ ಎಡಗಾಲು ಕಣಕಾಲವರೆಗೆ ಒಳಗೆ ಹೋಯಿತು. ಅದನ್ನು ಎತ್ತಲು ಮೊಣಕಾಲು ಬಗ್ಗಬೇಕು, ಅದು ಬಗ್ಗುವುದಿಲ್ಲ. ನಾನು ಎಳೆದೆ. ನಾನು ಎಳೆದಾಗ ನಾನೇ ಒಳಗೆ ಹೋದೆ. ಈಗ ಇಬ್ಬರೂ ಸಿಕ್ಕಿಕೊಂಡಿದ್ದೆವು, ಬೆನ್ನಿಗೆ ಬೆನ್ನು ಕೊಟ್ಟು, ತಂಪು ಮೇಲಕ್ಕೆ ಏರುತ್ತಿತ್ತು. ಹೆತ್ತೆ ಒಂದು ಸಲ ಕೆಮ್ಮಿದಳು.

ಆ ಒಂದು ಕೆಮ್ಮು ಸಾಕಾಯಿತು. ಆಪರೇಷನ್ನು, ತಾರೀಕು, ಅಪ್ಪನ ಅರ್ಧ ವರ್ಷದ ಅಲೆದಾಟ ಎಲ್ಲ ಒಟ್ಟಿಗೆ ನೆನಪಾಯಿತು. ಹೆತ್ತೆ, ಸಾಕು, ವಾಪಸು ಹೋಗೋಣ, ಅಣ್ಣನನ್ನು ಕರೆಯುತ್ತೇನೆ ಅಂದೆ. ಇನ್ನೂ ಮೊಣಕಾಲು ಮುಟ್ಟಿಲ್ಲ ಅಂದಳು. ನನ್ನ ಕೈಲಿ ಆಗುವುದಿಲ್ಲ ಹೆತ್ತೆ ಅಂದೆ. ನನ್ನ ಹದಿನಾರು ವರ್ಷದಲ್ಲಿ ಆ ಮಾತನ್ನು ಯಾರ ಮುಂದೆಯೂ ಹೇಳಿದವಳಲ್ಲ. ಹೆತ್ತೆ ನನ್ನ ಕೈ ಬಿಡಲಿಲ್ಲ. ಆಗ ಇಳಿಜಾರಿನ ಮೇಲಿನಿಂದ ಕಲ್ಲುಗಳು ಉರುಳುವ ಸದ್ದು ಬಂತು. ಕಾಡೆಮ್ಮೆ ಮತ್ತೆ ಬಂತು ಅಂದುಕೊಂಡೆ. ಬಂದದ್ದು ಅದಾಗಿದ್ದರೆ ಚೆನ್ನಾಗಿತ್ತು.

ಬಂಡೆಯ ಮೂಲೆಯಲ್ಲಿ ಅಪ್ಪ. ಆಸ್ಪತ್ರೆಗೆಂದು ಇಸ್ತ್ರಿ ಮಾಡಿದ ಪ್ಯಾಂಟು, ತಲೆಯಲ್ಲಿ ಇನ್ನೂ ಹೆಲ್ಮೆಟ್ಟು, ಕಂಕುಳಲ್ಲಿ ಆಪರೇಷನ್ನಿನ ಫೈಲು. ಮಡಿಸಿಟ್ಟ ಸ್ವೆಟರುಗಳನ್ನು ನೋಡಿದರು. ಕೆಸರಿನಲ್ಲಿ ನೆಟ್ಟ ನನ್ನನ್ನು ನೋಡಿದರು. ನಾನು ಮೂರು ವಿವರಣೆಗಳನ್ನು ಒಟ್ಟಿಗೆ ಶುರುಮಾಡಿದೆ, ಮೂರರಲ್ಲೂ ತಪ್ಪು ಅಣ್ಣನದೇ ಆಗಿತ್ತು. ಅಪ್ಪ ಕೇಳಿಸಿಕೊಳ್ಳಲಿಲ್ಲ. ಫೈಲನ್ನು ಕುರ್ಚಿಯ ಮೇಲಿಟ್ಟು, ಶೂ ಸಮೇತ ನೀರಿಗೆ ಇಳಿದು ಬಂದು ಹೆತ್ತೆಯ ಎರಡೂ ತೋಳುಗಳ ಕೆಳಗೆ ಕೈ ಹಾಕಿದರು.

"ಅವ್ವೆ, ನಿನಗೆ ಬುದ್ಧಿ ಇದೆಯಾ? ಮನೆಗೆ ನಡಿ."

"ನಡೀತೀನಿ," ಅಂದಳು ಹೆತ್ತೆ. "ನೀ ಹಿಡಿದಿದ್ದೀಯಲ್ಲ ಮಗ, ಹಾಗೇ ಇನ್ನೆರಡು ಹೆಜ್ಜೆ. ಆಮೇಲೆ ನಡೀತೀನಿ. ಮುಖ ಆ ಕಡೆ ತಿರುಗಿಸು."

ಅಪ್ಪ ತಿರುಗಿಸುವುದಿಲ್ಲ ಅಂದುಕೊಂಡೆ. ಅಪ್ಪನ ಉಸಿರು ಎರಡು ಸಲ ಜೋರಾಗಿ ಬಂತು. ಆಮೇಲೆ ನನ್ನ ಪಕ್ಕದಲ್ಲಿ, ಬಂಡೆಯ ಕಡೆ ತಿರುಗಿದ ಒಂದು ಹೆಲ್ಮೆಟ್ಟು ಕಂಡಿತು. ಚಪ್ ಎಂದು ಕೆಸರಿನಿಂದ ಕಾಲು ಬಿಡಿಸಿಕೊಂಡ ಸದ್ದು. ಒಂದು ಹೆಜ್ಜೆ. ಬಹಳ ಹೊತ್ತಿನ ನಂತರ ಇನ್ನೊಂದು. ಆಮೇಲೆ ಹೆತ್ತೆ ಏನೋ ಹೇಳಿದಳು, ನೀರಿಗೋ ಅಪ್ಪನಿಗೋ, ನನಗೆ ಕೇಳಿಸಲಿಲ್ಲ.

ನೋಡಿ, ಈ ಕಥೆಯಲ್ಲಿ ಎಳೆದು ಹೇಳಬೇಕಾದ ಜಾಗ ಇದೊಂದೇ, ಇಲ್ಲೇ ನನ್ನ ಬಳಿ ಏನೂ ಇಲ್ಲ. ಹೆತ್ತೆ ಹೇಗೆ ನಿಂತಳು, ನಕ್ಕಳೋ ಅತ್ತಳೋ, ನೀರು ಮೊಣಕಾಲು ಮುಟ್ಟಿತೋ ಇಲ್ಲವೋ, ನಾನು ನೋಡಿಲ್ಲ. ಯಾರೂ ನೋಡಿಲ್ಲ. ನನ್ನ ಕಣ್ಣ ಮುಂದಿದ್ದದ್ದು ನೀರಿನೊಳಗೂ ಚಾಚಿದ್ದ, ಒಂದು ಮೊಳ ದೂರದ ಬಂಡೆ. ಅದರ ಮೇಲೆ ಬೂದು ಪಾಚಿ, ಪಾಚಿಯ ಮೇಲೆ ಒಂದು ಇರುವೆ. ಇರುವೆಯ ಬಗ್ಗೆ ಬೇಕಾದರೆ ಇಡೀ ದಿನ ಹೇಳಬಲ್ಲೆ.

ಎಷ್ಟು ಹೊತ್ತಾಯಿತೋ. ಅಪ್ಪ ಮುಖ ತಿರುಗಿಸದೆಯೇ, "ಸಾಕಾ ಅವ್ವೆ?" ಎಂದು ಕೇಳಿದರು.

ಸಾಕು ಅಂದಳು. ಅಪ್ಪ ಅವಳನ್ನು ಮಗುವಿನ ಹಾಗೆ ಎತ್ತಿಕೊಂಡರು, ಐವತ್ತೆರಡು ಕಿಲೋ, ಒಬ್ಬರೇ. ದಡಕ್ಕೆ ಬಂದು ಕುರ್ಚಿಯಲ್ಲಿ ಕೂರಿಸಿ, ತಮ್ಮ ಜಾಕೆಟ್ಟಿನಿಂದ ಅವಳ ಪಾದ ಒರೆಸಿ, ಸ್ವೆಟರು ಹಾಕಿ, ಅದರ ಮೇಲೆ ಇನ್ನೊಂದು ಸ್ವೆಟರು ಹಾಕಿ, ಮಫ್ಲರು ಬಿಗಿಯಾಗಿ ಕಟ್ಟಿದರು. ಆಮೇಲೆ ಎದ್ದು ನಿಂತು, ಕೆಸರಿನಲ್ಲಿ ಇನ್ನೂ ನೆಟ್ಟುಕೊಂಡೇ ಇದ್ದ ನನ್ನ ಕಡೆ ಕೈ ಚಾಚಿದರು. ಎಳೆಯಲು ಬಂದರು ಎಂದು ನಾನೂ ಕೈ ಚಾಚಿದೆ.

"ಫೋನು ಕೊಡು," ಅಂದರು.